ಕೆರೆಯ ಈಜಿನ ದಿನ ಕ್ಯಾಮೆರಾ ಯಾವಾಗ ಕೆಳಗಿಡಬೇಕು?

ಪ್ರಶ್ನೆ: ಉಡುಪಿಯಿಂದ ಸ್ವಲ್ಪ ಒಳಗಿರುವ ನಮ್ಮ ಊರಿನ ಕೆರೆಯ ಹೂಳೆತ್ತಿ ಎರಡು ವರ್ಷವಾಯಿತು. ಈ ಬಾರಿ ಜನವರಿಯ ಕೊನೆಯ ಭಾನುವಾರ ಯುವಕ ಮಂಡಲದವರು ಅಲ್ಲಿ ಊರವರಿಗಾಗಿ ಈಜಿನ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಮಕ್ಕಳು, ಹೆಂಗಸರು, ಹಿರಿಯರು ಸೇರಿ ಸುಮಾರು 80 ಮಂದಿ ಹೆಸರು ಕೊಟ್ಟಿದ್ದಾರೆ. ಬಹುಮಾನಕ್ಕಿಂತ ಊರು ಕೆರೆಯ ಸುತ್ತ ಸೇರಲಿ ಎಂಬುದೇ ಉದ್ದೇಶ. ನನ್ನನ್ನು ದಡದಲ್ಲಿ ಸ್ವಯಂಸೇವಕನಾಗಿ ನಿಲ್ಲಲು ಹೇಳಿದ್ದಾರೆ. ನನ್ನಲ್ಲಿ ಒಳ್ಳೆಯ ಕ್ಯಾಮೆರಾ ಇರುವುದರಿಂದ ‘ಹಾಗೆಯೇ ಫೋಟೊ ಕೂಡ ತೆಗೆದುಬಿಡು’ ಎಂದಿದ್ದಾರೆ. ಮದುವೆ, ಕೋಲ, ಯಕ್ಷಗಾನ ತೆಗೆದು ಅಭ್ಯಾಸವಿದೆ; ನೀರಿನ ಚಿತ್ರ ತೆಗೆದಿಲ್ಲ. ನನ್ನ ಈಜು ಅಷ್ಟಕ್ಕಷ್ಟೆ. 70–300 ಎಂ.ಎಂ. ಲೆನ್ಸ್ ಇದೆ. ಹೇಗೆ ಸಿದ್ಧನಾಗಲಿ?
— ಓದುಗರು, ಉಡುಪಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ತೆಗೆದುಬಿಡು’ ಎಂಬ ಒಂದು ಮಾತಿನ ಮೇಲೆ. ಯಾವ ಕೆಲಸದ ಬಾಲಕ್ಕೆ ಈ ‘ಬಿಡು’ ಅಂಟಿಸಿದರೂ ಅದು ಹೂವಿನಷ್ಟು ಹಗುರವಾಗಿ ಕೇಳುತ್ತದೆ. ದಡ ಕಾಯುತ್ತ ಫೋಟೊ ತೆಗೆದುಬಿಡು ಎನ್ನುವುದು ಬಸ್ ಓಡಿಸುತ್ತ ಟಿಕೆಟನ್ನೂ ಹರಿದುಬಿಡು ಎಂದ ಹಾಗೆ. ಆದ್ದರಿಂದ ಲೆನ್ಸು, ಶಟರುಗಳ ವಿಚಾರಕ್ಕೆ ಹೋಗುವ ಮೊದಲು ಯುವಕ ಮಂಡಲದ ಅಧ್ಯಕ್ಷರನ್ನು ಕಂಡು, ‘ಎರಡೂ ಮಾಡುತ್ತೇನೆ, ಆದರೆ ಒಂದೇ ಹೊತ್ತಿನಲ್ಲಿ ಮಾಡುವುದಿಲ್ಲ’ ಎಂದು ಹೇಳಿ ಬನ್ನಿ. ಅವರು ನಕ್ಕರೆ ನಗಲಿ.

ದಡ ಕಾಯುವವನು ತನ್ನ ಪಾಲಿನ ನೀರನ್ನು ಪೂರ್ತಿ ನೋಡಬೇಕು. ಫೋಟೊ ತೆಗೆಯುವವನು ಆ ನೀರಿನ ಒಂದು ತುಂಡನ್ನು ಮಾತ್ರ ನೋಡುತ್ತಾನೆ. ನಿಮ್ಮ ಲೆನ್ಸನ್ನು 300ಕ್ಕೆ ಎಳೆದಾಗ ಅದು ಕಾಣುವ ಅಗಲ 7 ಡಿಗ್ರಿಗಿಂತ ಹೆಚ್ಚಿಲ್ಲ. ಕೈ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ; ಆ ಮುಷ್ಟಿಯ ಅಗಲಕ್ಕಿಂತಲೂ ಕಡಿಮೆ. ಉಳಿದ ಕೆರೆ ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಒಂದು ಕಣ್ಣು ಮುಚ್ಚಿಕೊಂಡಿದ್ದೀರಿ, ತೆರೆದ ಇನ್ನೊಂದು ಕಣ್ಣು ಯಾರದೋ ನಗುವಿನ ಮೇಲೆ ನೆಟ್ಟಿದೆ.

ನನಗಿದು ತಿಳಿದದ್ದು ಓದಿನಿಂದಲ್ಲ. ಹಲವು ವರ್ಷಗಳ ಹಿಂದೆ ಮಂಗಳೂರಿನ ಹೊರವಲಯದ ಒಂದು ಕೆರೆಯಲ್ಲಿ ಮಕ್ಕಳ ಈಜು ನಡೆದಿತ್ತು. ನಾನು ಕಾವಲಿಗೂ ಇದ್ದೆ, ಕ್ಯಾಮೆರಾವೂ ಕೊರಳಲ್ಲಿತ್ತು. ರಾತ್ರಿ ಮನೆಯಲ್ಲಿ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ, ನಡುವೆ ಒಬ್ಬ ಹುಡುಗಿ ನೀರು ಚಿಮ್ಮಿಸಿ ನಗುತ್ತಿರುವ ಒಂದು ಒಳ್ಳೆಯ ಫ್ರೇಮಿನ ಎಡ ಅಂಚಿನಲ್ಲಿ ಇನ್ನೊಂದು ತಲೆ ಕಂಡಿತು. ಬಾಯಿ ನೀರಿನ ಮಟ್ಟಕ್ಕಿದೆ, ತಲೆ ಹಿಂದಕ್ಕೆ ವಾಲಿದೆ, ಕಣ್ಣು ಎತ್ತಲೋ ಇದೆ. ಆ ಹುಡುಗನನ್ನು ಮರುಕ್ಷಣದಲ್ಲಿ ಬೇರೆ ಸ್ವಯಂಸೇವಕರೊಬ್ಬರು ತೋಳು ಹಿಡಿದು ಮೇಲೆ ತಂದಿದ್ದರಂತೆ. ಅವನು ಮುಳುಗುತ್ತಿದ್ದ. ನಾನು 15 ಅಡಿ ದೂರದಲ್ಲಿ ನಿಂತು ಅವನ ಫೋಟೊ ತೆಗೆದಿದ್ದೆ, ಅವನನ್ನು ನೋಡಿರಲಿಲ್ಲ. ಆ ಚಿತ್ರವನ್ನು ಯಾರಿಗೂ ಕೊಡಲಿಲ್ಲ, ಅಳಿಸಲೂ ಇಲ್ಲ.

ಮುಳುಗುವವರು ಕೈ ಬೀಸಿ ಕೂಗುತ್ತಾರೆ ಎಂಬುದು ಸಿನಿಮಾ ಕಲಿಸಿದ ಪಾಠ. ಕೂಗಲು ಉಸಿರು ಬೇಕು. ಉಸಿರಿಗೇ ಗತಿಯಿಲ್ಲದವನು ಕೂಗುವುದು ಹೇಗೆ? ಅಮೆರಿಕದ ಜೀವರಕ್ಷಕ ಫ್ರಾಂಕ್ ಪಿಯಾ ಇದನ್ನು ವರ್ಷಗಟ್ಟಲೆ ಗಮನಿಸಿ ದಾಖಲಿಸಿದರು. ಮುಳುಗುತ್ತಿರುವವನ ದೇಹ ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ, ಕಾಲು ಒದೆಯುವುದಿಲ್ಲ, ಕೈಗಳು ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬಾಯಿ ಮುಳುಗಿ ಏಳುತ್ತಿರುತ್ತದೆ. ಕಾಣದ ಏಣಿಯೊಂದನ್ನು ಹತ್ತುತ್ತಿರುವ ಹಾಗೆ ಕಾಣುತ್ತದೆ. ಇದು ನಡೆಯುವುದು 20ರಿಂದ 60 ಸೆಕೆಂಡು. ಅಷ್ಟರೊಳಗೆ ಯಾರೂ ನೋಡದಿದ್ದರೆ ಆಮೇಲೆ ನೀರಿನ ಮೇಲೆ ನೋಡಲು ಏನೂ ಇರುವುದಿಲ್ಲ. ಜೀವರಕ್ಷಕರಿಗೆ ಕಲಿಸುವ ಲೆಕ್ಕವೂ ಇದಕ್ಕೆ ಹೊಂದುವಂಥದ್ದೇ: ತನ್ನ ಪಾಲಿನ ನೀರನ್ನು 10 ಸೆಕೆಂಡಿನಲ್ಲಿ ಒಮ್ಮೆ ಪೂರ್ತಿ ನೋಡಿ ಮುಗಿಸಬೇಕು, ತೊಂದರೆ ಕಂಡರೆ 20 ಸೆಕೆಂಡಿನಲ್ಲಿ ತಲುಪಬೇಕು. ಒಂದು ಒಳ್ಳೆಯ ಚಿತ್ರಕ್ಕೆ ನೀವು ಎಷ್ಟು ಹೊತ್ತು ಕಾಯುತ್ತೀರಿ ಎಂದು ನೆನಪಿಸಿಕೊಳ್ಳಿ. ಕೋಲದಲ್ಲಿ ದೈವದ ಮುಖ ತಿರುಗಲಿ ಎಂದು ನಿಮಿಷಗಟ್ಟಲೆ ಕಾದವರು ನೀವು.

ಹಾಗಾಗಿ ಪಾಳಿ ಮಾಡಿಕೊಳ್ಳಿ. 80 ಮಂದಿ ಒಟ್ಟಿಗೆ ನೀರಿಗಿಳಿಯುವುದು ಬೇಡ. ಹತ್ತು ಹನ್ನೆರಡು ಮಂದಿಯ ತಂಡಗಳಾಗಲಿ. ಕಾವಲಿನವರನ್ನು ಅರ್ಧ ಗಂಟೆಗೊಮ್ಮೆ ಬದಲಿಸಿ. ಬಿಸಿಲಿನಲ್ಲಿ ಹೊಳೆಯುವ ನೀರನ್ನು ನೋಡುತ್ತ ನಿಂತರೆ ಅದಕ್ಕಿಂತ ಹೆಚ್ಚು ಹೊತ್ತು ಯಾರ ಕಣ್ಣೂ ಎಚ್ಚರವಾಗಿರುವುದಿಲ್ಲ. ನಿಮ್ಮ ಪಾಳಿ ಬಂದಾಗ ಕ್ಯಾಮೆರಾ ಚೀಲದೊಳಗೆ ಹೋಗಲಿ, ಚೀಲದ ಜಿಪ್ ಮುಚ್ಚಿರಲಿ. ಕೊರಳಲ್ಲೇ ಇರಲಿ, ತೆಗೆಯುವುದಿಲ್ಲ ಎಂದರೆ ನಾನು ನಂಬುವುದಿಲ್ಲ. ನನ್ನನ್ನೇ ನಾನು ನಂಬುವುದಿಲ್ಲ. ಪಾಳಿ ಮುಗಿದು ಇನ್ನೊಬ್ಬರಿಗೆ ‘ಈಗ ನಿಮ್ಮದು’ ಎಂದು ಬಾಯಿಬಿಟ್ಟು ಹೇಳಿ, ಅವರು ‘ಆಯಿತು’ ಎಂದ ಮೇಲೆಯೇ ಜಿಪ್ ತೆರೆಯಬೇಕು.

ಈಜು ಅಷ್ಟಕ್ಕಷ್ಟೆ ಎಂದು ಒಪ್ಪಿಕೊಂಡದ್ದು ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಮಾತು. ಕಾವಲಿಗೆ ನಿಲ್ಲಲು ಅದು ಅಡ್ಡಿಯಲ್ಲ, ಆದರೆ ಯಾರಿಗೆ ಏನಾದರೂ ನೀವು ನೀರಿಗೆ ಹಾರಬಾರದು. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಅಪ್ಪಿಕೊಂಡು ಅದರ ಮೇಲೆ ಹತ್ತುತ್ತಾನೆ, ಅದು ನಿಮ್ಮ ತಲೆಯಾದರೂ ಸರಿ. ನಮ್ಮ ಕಡೆಯ ಕೆರೆಗಳಲ್ಲಿ, ಮಳೆನೀರು ತುಂಬಿದ ಮುರಕಲ್ಲಿನ ಕೋರೆಗಳಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದ ಸುದ್ದಿಯನ್ನು ಎಷ್ಟು ಸಲ ಓದಿಲ್ಲ? ಮೊದಲು ಬಿದಿರಿನ ಗಳ ಚಾಚಿ. ಎಟುಕದಿದ್ದರೆ ಎಸೆಯಿರಿ. ಏನನ್ನು ಎಂದು ಕೇಳಿದರೆ ನಮ್ಮ ಅಜ್ಜಂದಿರು ಈಜು ಕಲಿಸಿದ ಸಾಧನವೇ ಸಾಕು: ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಯಾಗಿ ಕಟ್ಟಿ, ಅದಕ್ಕೆ 15–20 ಮೀಟರ್ ಹಗ್ಗ ಬಿಗಿದರೆ ಆಯಿತು. 20 ಲೀಟರಿನ ಖಾಲಿ ಕ್ಯಾನಿನ ಮುಚ್ಚಳ ಬಿಗಿ ಮಾಡಿ ಹಗ್ಗ ಕಟ್ಟಿದರೂ ನಡೆಯುತ್ತದೆ. ಅದು ಗಾಳಿಗೆ ಪಕ್ಕಕ್ಕೆ ಹೋಗದಿರಲು ಒಳಗೆ ಎರಡು ಚೊಂಬು ನೀರಿರಲಿ. ಎಸೆತ ಅವನ ಮುಖಕ್ಕಲ್ಲ, ಹೆಗಲಿನ ಆಚೆಗೆ ಬೀಳಬೇಕು. ಆಗ ಹಗ್ಗ ಅವನ ಕೈಯ ಮೇಲೆ ಬರುತ್ತದೆ. ಹಿಂದಿನ ದಿನ ಅಂಗಳದಲ್ಲಿ ಒಂದು ಕೊಡ ಇಟ್ಟು ಇಪ್ಪತ್ತು ಸಲ ಎಸೆದು ನೋಡಿ. ಮೊದಲ ಹತ್ತು ಎಸೆತ ಎಲ್ಲೆಲ್ಲಿಗೋ ಹೋಗುತ್ತವೆ. ಅವು ಅಂಗಳದಲ್ಲಿಯೇ ಹೋಗಲಿ.

ನೀರಿಗಿಳಿಯುವ ಕೆಲಸ ತರಬೇತಾದವರದು. ಅಜ್ಜರಕಾಡಿನ ಈಜುಕೊಳದಲ್ಲಿ ತರಬೇತಿ ಪಡೆದವರು ನಿಮ್ಮ ಊರಿನಲ್ಲೂ ಇರಬಹುದು, ವಿಚಾರಿಸಿ. ಮಲ್ಪೆ ಕಡೆಯಿಂದ ಒಂದು ಪಾತಿ ದೋಣಿಯನ್ನು, ಅದನ್ನು ನಡೆಸುವ ಒಬ್ಬ ಮೊಗವೀರರನ್ನೂ ಒಂದು ಬೆಳಗಿಗೆ ಕರೆತರಲು ಆದರೆ ಅದಕ್ಕಿಂತ ದೊಡ್ಡ ಬಂದೋಬಸ್ತು ಬೇರೆ ಇಲ್ಲ.

ಇನ್ನು ಎಣಿಕೆ. 2010ರ ಅಕ್ಟೋಬರ್ 23ರಂದು ನಮ್ಮ ಊರುಗಳ ಎಷ್ಟೋ ಮನೆಗಳಿಗೆ ಗಲ್ಫಿನ ನೆಂಟಸ್ತಿಕೆಯಿಂದ ಪರಿಚಯವಿರುವ ಫುಜೈರಾದಲ್ಲಿ 10 ಕಿಲೋಮೀಟರಿನ ವಿಶ್ವಕಪ್ ಈಜು ನಡೆಯಿತು. ಅದರಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪೆನ್ ಎಂಬ 26 ವರ್ಷದ ಈಜುಗಾರ ತೀರಿಕೊಂಡರು. ಅವರು ಜಗತ್ತಿನ ಅತ್ಯುತ್ತಮರಲ್ಲಿ ಒಬ್ಬರು. ಸ್ಪರ್ಧೆ ಮುಗಿದು ಉಳಿದವರೆಲ್ಲ ದಡ ಸೇರಿದ ಮೇಲೆಯೇ ಒಬ್ಬರು ಕಡಿಮೆ ಇದ್ದಾರೆ ಎಂಬುದು ಗೊತ್ತಾದದ್ದು. ಅವರ ದೇಹ ಸಿಕ್ಕಿದ್ದು ಎರಡು ಗಂಟೆಗಳ ಬಳಿಕ. ಅಂತರರಾಷ್ಟ್ರೀಯ ಸ್ಪರ್ಧೆಗೇ ಹೀಗಾದರೆ ನಮ್ಮ ಕೆರೆಯ ಕಟ್ಟೆಯ ಮೇಲೆ ನಿಂತು ‘ಎಲ್ಲರೂ ಬಂದರಲ್ಲವಾ?’ ಎಂದು ಕೂಗಿ ಕೇಳುವುದಕ್ಕೆ ಯಾವ ಬೆಲೆಯಿದೆ?

ನಿಮ್ಮ ಕ್ಯಾಮೆರಾ ಕಾವಲಿನ ಕೆಲಸಕ್ಕೆ ನಿಜವಾಗಿ ಬರುವುದು ಇಲ್ಲಿ. ಪ್ರತಿ ತಂಡ ನೀರಿಗಿಳಿಯುವ ಮುನ್ನ ಎಲ್ಲರನ್ನೂ ಮೆಟ್ಟಿಲಿನ ಮೇಲೆ ಸಾಲಾಗಿ ನಿಲ್ಲಿಸಿ, ತೋಳಿನ ಮೇಲೆ ಮಾರ್ಕರಿನಲ್ಲಿ ಬರೆದ ಸಂಖ್ಯೆ ಕಾಣುವ ಹಾಗೆ ಒಂದು ಚಿತ್ರ ತೆಗೆಯಿರಿ. ಕ್ಯಾಮೆರಾದ ಗಡಿಯಾರವನ್ನು ಬೆಳಿಗ್ಗೆಯೇ ದಾಖಲೆ ಬರೆಯುವವರ ಗಡಿಯಾರದ ಜೊತೆ ಸರಿಹೊಂದಿಸಿಕೊಂಡಿರಿ. ತಂಡ ಮೇಲೆ ಬಂದಾಗ ಮತ್ತೆ ಅದೇ ಮೆಟ್ಟಿಲು, ಅದೇ ಸಾಲು, ಇನ್ನೊಂದು ಚಿತ್ರ. ಪುಸ್ತಕದಲ್ಲಿ ಗುರುತು ಹಾಕುವವರು ಎಡವಿದರೂ ನಿಮ್ಮಲ್ಲಿ ಸಮಯಸಹಿತ ಸಾಕ್ಷಿ ಇರುತ್ತದೆ. ಒಣ ಮುಖದ ಸಾಲು, ಒದ್ದೆ ಮುಖದ ಸಾಲು ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಆ ದಿನದ ಅತಿ ಚೆಂದದ ಚಿತ್ರಗಳೂ ಅವೇ ಆಗುತ್ತವೆ ಎಂಬುದು ನನ್ನ ಅನುಭವ.

ಕೆರೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈಜುಕೊಳದ ನೀರಿನಲ್ಲಿ ತಳ ಕಾಣುತ್ತದೆ. ಕೆರೆಯಲ್ಲಿ ಮೊಣಕಾಲಿನ ಕೆಳಗೆ ಏನಿದೆ ಎಂದು ದೇವರಿಗೇ ಗೊತ್ತು. ನಮ್ಮ ಕೆರೆಗಳ ಮುರಕಲ್ಲಿನ ಮೆಟ್ಟಿಲುಗಳು ನೀರಿನೊಳಗೂ ಮುಂದುವರಿದು ಒಮ್ಮೆಲೇ ನಿಂತುಬಿಡುತ್ತವೆ, ಅಲ್ಲಿಂದಾಚೆ ಆಳ. ಹೂಳೆತ್ತಿದ ಕೆರೆಯಲ್ಲಿ ಯಂತ್ರ ಅಗೆದ ಗುಂಡಿಗಳು ಒಂದೊಂದು ಕಡೆ ಒಂದೊಂದು ಆಳಕ್ಕಿರುತ್ತವೆ. ತಾವರೆಯ ದಂಟು ಕಾಲಿಗೆ ಸುತ್ತಿಕೊಂಡರೆ ಎಳೆದಷ್ಟೂ ಬಿಗಿಯುತ್ತದೆ. ಹಿಂದಿನ ವಾರವೇ ದೋಣಿಯಲ್ಲಿ ಹೋಗಿ ಗಳ ಇಳಿಬಿಟ್ಟು ಆಳ ಅಳೆದು, ಈಜುವ ಜಾಗಕ್ಕೆ ಹಗ್ಗ ಕಟ್ಟಿ ಗಡಿ ಹಾಕಿ. ತಲೆ ಮೊದಲಾಗಿ ಹಾರುವುದಕ್ಕೆ ಯಾರಿಗೂ ಅವಕಾಶ ಬೇಡ. ಇಲ್ಲಿ ತಪ್ಪು ಮಾಡುವವರು ಹೆಚ್ಚಾಗಿ ಫೋಟೊಗ್ರಾಫರುಗಳೇ. ಒಮ್ಮೆ ನಾನು ಕಟ್ಟೆಯ ಮೇಲಿಂದ ಹಾರಿದ ಹುಡುಗನೊಬ್ಬನಿಗೆ ‘ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಹಾರು’ ಎಂದೆ. ಎರಡನೆಯ ಸಲ ಅವನು ಸ್ವಲ್ಪ ಎಡಕ್ಕೆ ಹಾರಿದ. ನೀರಿನೊಳಗಿನ ಮೆಟ್ಟಿಲು ತಾಗಿ ಗಲ್ಲಕ್ಕೆ ಐದು ಹೊಲಿಗೆ ಬಿತ್ತು. ಕುತ್ತಿಗೆಗೆ ತಾಗಬಹುದಿತ್ತು. ಅಂದಿನಿಂದ ನೀರಿನ ಬಳಿ ಯಾರಿಗೂ ‘ಇನ್ನೊಮ್ಮೆ’ ಎಂದು ಹೇಳಿಲ್ಲ.

ನೀರಿನ ಬಿಸಿಯನ್ನೂ ನೋಡಬೇಕು. ತೆರೆದ ನೀರಿನ ಸ್ಪರ್ಧೆಗೆ ಅಂತರರಾಷ್ಟ್ರೀಯ ನಿಯಮದ ಮೇಲ್ಮಿತಿ 31 ಡಿಗ್ರಿ ಸೆಲ್ಸಿಯಸ್. ಜನವರಿಯ ಬೆಳಗಿನಲ್ಲಿ ನಿಮಗೆ ಆ ಚಿಂತೆ ಬರಲಾರದು. ಇದೇ ಕಾರ್ಯಕ್ರಮವನ್ನು ಏಪ್ರಿಲ್ ಮಧ್ಯಾಹ್ನಕ್ಕೆ ಮುಂದೂಡಿದರೆ ಖಂಡಿತ ಬರುತ್ತದೆ. ಗಾಯವಿದ್ದವರನ್ನು ನೀರಿಗಿಳಿಸಬೇಡಿ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಿಗೆ ಇಲಿಜ್ವರ ಹೊಸತಲ್ಲ, ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕವೇ ಒಳಹೊಗುವುದು ಹೆಚ್ಚು. ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ‘ಕೆರೆಗೆ ಇಳಿದಿದ್ದೆ’ ಎಂದು ಮೊದಲು ಹೇಳುವಂತೆ ಎಲ್ಲರಿಗೂ ತಿಳಿಸಿ. ಪಕ್ಕದ ಕೇರಳದಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾ ಬಹಳ ಅಪರೂಪ, ಆದರೆ ಅದು ಹೋಗುವುದು ಮೂಗಿನ ದಾರಿಯಿಂದ. ಮಕ್ಕಳು ಮೂಗಿಗೆ ಕ್ಲಿಪ್ ಹಾಕಿಕೊಂಡರೆ ನಷ್ಟವೇನಿಲ್ಲ.

ಒಂದು ವೇಳೆ ಯಾರನ್ನಾದರೂ ಉಸಿರಿಲ್ಲದೆ ಮೇಲೆ ತಂದರೆ, ದಯವಿಟ್ಟು ಹೊಟ್ಟೆ ಒತ್ತಬೇಡಿ. ಕವುಚಿ ಮಲಗಿಸಿ ನೀರು ಕಕ್ಕಿಸುವುದು, ಕಾಲು ಹಿಡಿದು ತಿರುಗಿಸುವುದು, ಇವೆಲ್ಲ ನಾನು ಕಣ್ಣಾರೆ ಕಂಡವು. ಹೊಟ್ಟೆಯ ನೀರು ಹೊರಬಂದರೆ ಶ್ವಾಸಕೋಶಕ್ಕೇ ಹೋಗುವ ಅಪಾಯವಿದೆ. ಅದಕ್ಕಿಂತ ಹೆಚ್ಚಾಗಿ ಆ ಗಲಾಟೆಯಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಮುಳುಗಿದವರಿಗೆ ಬೇಕಾದದ್ದು ಗಾಳಿ. ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಒತ್ತು, ಮತ್ತೆ 2 ಉಸಿರು, ಹೀಗೆ ನಿಲ್ಲಿಸದೆ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ದೊಡ್ಡವರಿಗೆ 5 ಸೆಂಟಿಮೀಟರಿನಷ್ಟು ಆಳಕ್ಕೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಿರಬೇಕು. ಯಾರು ಎಂದು ಮೊದಲೇ ಗೊತ್ತಿರಬೇಕು. ಇದನ್ನು ಓದಿ ಕಲಿಯಲಾಗುವುದಿಲ್ಲ. ರೆಡ್‌ಕ್ರಾಸ್‌ನವರನ್ನೋ ಅಗ್ನಿಶಾಮಕ ದಳದವರನ್ನೋ ಒಂದು ಸಂಜೆ ಕರೆಸಿ, ಬೊಂಬೆಯ ಮೇಲೆ ಕೈಯಾರೆ ಮಾಡಿ ನೋಡಿ.

ಈಗ ನಿಮ್ಮ ಕ್ಯಾಮೆರಾಕ್ಕೆ ಬರೋಣ. ಕಾವಲಿನ ಪಾಳಿ ಮುಗಿದಿದೆ, ಜಿಪ್ ತೆರೆದಿದ್ದೀರಿ.

ಮೊದಲ ಪ್ರಶ್ನೆ ಎಲ್ಲಿ ನಿಲ್ಲಬೇಕು ಎಂಬುದು. ಜನವರಿಯ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು 7 ಗಂಟೆಗೆ, ನೇರ ಪೂರ್ವದಲ್ಲಲ್ಲ, ಆಗ್ನೇಯಕ್ಕೆ ವಾಲಿ. ಕಾವಲಿನವನು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು. ಎದುರು ಬಿಸಿಲಿನಲ್ಲಿ ನೀರು ತಗಡಿನಂತೆ ಹೊಳೆದು ತಲೆಗಳು ಕರಗಿಹೋಗುತ್ತವೆ. ಫೋಟೊದವನಿಗೆ ಬೇಕಾದದ್ದು ಸರಿಯಾಗಿ ಇದರ ಎದುರು ದಡ. ಹಿಂದಿನಿಂದ ಬಂದ ಬೆಳಕು ಚಿಮ್ಮಿದ ಪ್ರತಿ ಹನಿಯನ್ನೂ ಹೊತ್ತಿಸುತ್ತದೆ. ಚಿತ್ರಕ್ಕೆ ಅತ್ಯುತ್ತಮವಾದ ಜಾಗವೇ ಕಾವಲಿಗೆ ಅತಿ ಕೆಟ್ಟ ಜಾಗ. ಎರಡು ಕೆಲಸ ಒಟ್ಟಿಗೆ ಬೇಡ ಎಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಹುಡುಕಲು ನನಗಾಗಿಲ್ಲ. ಎದುರು ಬೆಳಕಿನಲ್ಲಿ ಹೊಳೆಯುವ ನೀರು ಕ್ಯಾಮೆರಾದ ಮೀಟರನ್ನು ಮೋಸಗೊಳಿಸಿ ಮುಖಗಳನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಹೆಚ್ಚಿಸಿ, ಅಂದರೆ ಒಳಬರುವ ಬೆಳಕನ್ನು ಎರಡು ಪಟ್ಟು ಮಾಡಿ. ಒಂಬತ್ತೂವರೆಯ ಬಳಿಕ ಬೆಳಕು ಕಟುವಾಗುತ್ತದೆ, ಆಗ ನೀರು ಬಿಟ್ಟು ದಡದ ಮರದ ನೆರಳಿನ ಜನರ ಕಡೆ ತಿರುಗಿ.

ಎರಡನೆಯದು ಎತ್ತರ. ಕಟ್ಟೆಯ ಮೇಲೆ ನಿಂತು ತೆಗೆದರೆ ಈಜುಗಾರರು ತೇಲುವ ತೆಂಗಿನಕಾಯಿಗಳ ಹಾಗೆ ಕಾಣುತ್ತಾರೆ. ನೀರಿನಿಂದ ಒಂದು ಗೇಣು ಮೇಲೆ ಲೆನ್ಸ್ ಬರುವಷ್ಟು ಕೆಳಗಿಳಿಯಿರಿ, ಆಗ ಮುಖವೂ ಅದರ ಮುಂದಿನ ಅಲೆಯೂ ಸಿಗುತ್ತವೆ. ಆದರೆ ಕೊನೆಯ ಮೆಟ್ಟಿಲಿನ ಪಾಚಿಯ ಮೇಲೆ ಬೂಟು ಹಾಕಿಕೊಂಡು ನಿಲ್ಲುವುದೆಂದರೆ ಎಣ್ಣೆ ಹಚ್ಚಿದ ಕಾವಲಿಯ ಮೇಲೆ ನಿಂತಂತೆ. ಒಂದು ಮೆಟ್ಟಿಲು ಮೇಲೆ ಕುಳಿತುಕೊಂಡು, ಮೊಣಕೈಯನ್ನು ತೊಡೆಗೆ ಒತ್ತಿ ತೆಗೆಯಿರಿ. ನೀವೇ ಅಂದಿನ ಮೊದಲ ರಕ್ಷಣಾ ಕಾರ್ಯಾಚರಣೆಯಾಗಬೇಡಿ. ದೋಣಿಯಿಂದ ತೆಗೆಯುವುದಾದರೆ ಲೈಫ್ ಜಾಕೆಟ್ ಹಾಕಿಕೊಳ್ಳಿ, ನಡುವೆ ಕುಳಿತಿರಿ. ಚಿತ್ರಕ್ಕಾಗಿ ಒಂದು ಬದಿಗೆ ಬಾಗುವುದು ನಿಮಗೆ ಗೊತ್ತಾಗುವುದಿಲ್ಲ, ದೋಣಿಗೆ ಗೊತ್ತಾಗುತ್ತದೆ.

ಈಜುಗಾರರ ಮುಖ ಸಿಗುವುದೇ ಇಲ್ಲ ಎಂದು ಹೊಸಬರು ದೂರುತ್ತಾರೆ. ಫ್ರೀಸ್ಟೈಲಿನವರು ಬಲಕ್ಕೋ ಎಡಕ್ಕೋ ತಿರುಗಿ ಉಸಿರು ತೆಗೆದುಕೊಳ್ಳುತ್ತಾರೆ, ಹೆಚ್ಚಿನವರು ಒಂದೇ ಕಡೆಗೆ. ಎರಡು ಸಲ ಗಮನಿಸಿ ಆ ಕಡೆಯ ದಡದಲ್ಲಿ ಕಾಯಿರಿ. ಮುಖ ಹೊರಳುವ ಅರ್ಧ ಕ್ಷಣ ಮೊದಲು ಬೆರಳು ಒತ್ತಬೇಕು. ಯಕ್ಷಗಾನದ ಧೀಂಗಿಣ ಹಿಡಿದ ನಿಮ್ಮ ಬೆರಳಿಗೆ ಇದು ಕಷ್ಟವಾಗದು, ಚೆಂಡೆಯ ಹಾಗೆ ಇದಕ್ಕೂ ಒಂದು ತಾಳವಿದೆ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈನವರ ಮುಖ ಎದುರಿಗೇ ಏಳುತ್ತದೆ. ಎಲ್ಲರಿಗಿಂತ ಸುಲಭ ನಮ್ಮ ಊರಿನ ನಾಯಿಯೀಜಿನವರದು: ತಲೆ ಯಾವಾಗಲೂ ಮೇಲೆ, ಹಲ್ಲು ಕಿರಿದೇ ಇರುತ್ತಾರೆ. ಅವರ ಶೈಲಿಗೆ ಪದಕ ಸಿಗುವುದಿಲ್ಲ, ಚಿತ್ರ ಮಾತ್ರ ಪ್ರತಿ ಸಲ ಸಿಗುತ್ತದೆ. ಹನಿಗಳು ಗಾಳಿಯಲ್ಲಿ ನಿಲ್ಲಬೇಕಾದರೆ ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ, 1/1600 ಆದರೆ ಇನ್ನೂ ಒಳ್ಳೆಯದು. ಬೆಳಗಿನ ಮಬ್ಬಿನಲ್ಲಿ ಅದಕ್ಕೆ ಐ.ಎಸ್.ಒ., ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಬೇಕಾದೀತು, ಹೆದರದೆ ಏರಿಸಿ. ಕಾಳು ಕಾಳಾದ ಚಿತ್ರವನ್ನು ಊರು ಕ್ಷಮಿಸುತ್ತದೆ, ಅಲುಗಿದ ಮುಖವನ್ನು ಕ್ಷಮಿಸುವುದಿಲ್ಲ.

ಪೋಲರೈಸರ್ ಫಿಲ್ಟರ್ ಕೊಳ್ಳಲೇ ಎಂದು ನೀವು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ನೀರನ್ನು ಮೇಲಿನಿಂದ ಓರೆಯಾಗಿ, ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಅದು ಮೇಲ್ಮೈಯ ಹೊಳಪನ್ನು ಚೆನ್ನಾಗಿ ತೆಗೆಯುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಕುಳಿತವನಿಗೆ ಅದರ ಪ್ರಯೋಜನ ಕಡಿಮೆ, ಮೇಲಾಗಿ ಒಂದೆರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ. ಆ ಹಣದಲ್ಲಿ ಪೋಲರೈಸ್ಡ್ ಕನ್ನಡಕ ಕೊಂಡು ಕಾವಲಿನ ಪಾಳಿಯಲ್ಲಿ ಹಾಕಿಕೊಳ್ಳಿ. ಹೊಳಪು ಸರಿದು ನೀರಿನೊಳಗೆ ಒಂದಷ್ಟು ಕಾಣುತ್ತದೆ.

ಬೆಳಿಗ್ಗೆ ಎ.ಸಿ. ಹಾಕಿದ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಅರ್ಧ ಗಂಟೆ ಮೊದಲೇ ಚೀಲವನ್ನು ಹೊರಗಿನ ಗಾಳಿಗೆ ಇಡಿ. ಸಂಜೆ ಒದ್ದೆ ಚೀಲದಲ್ಲೇ ಮುಚ್ಚಿಟ್ಟು ಮಲಗಬೇಡಿ. ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಹಿಡಿಯಲು ಅಷ್ಟೇ ನೆಪ ಸಾಕು. ಅಭ್ಯಾಸ ಮಾಡಬೇಕೆನಿಸಿದರೆ ಒಂದು ಬೆಳಿಗ್ಗೆ ಮಣಿಪಾಲದ ಮಣ್ಣಪಳ್ಳ ಕೆರೆಗೆ ಹೋಗಿ ನೀರುಕಾಗೆಗಳನ್ನು ತೆಗೆಯಿರಿ. ಅವು ಮುಳುಗಿದಲ್ಲೇ ಏಳುವುದಿಲ್ಲ, ನಿಮ್ಮ ತಾಳ್ಮೆಗೆ ಒಳ್ಳೆಯ ಪರೀಕ್ಷೆ.

ಡ್ರೋನ್ ಬೇಡ ಎಂಬುದು ನನ್ನ ಅಭಿಪ್ರಾಯ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಹಾರಿಸಲು ನೆಲಮಟ್ಟದಿಂದಲೇ ಅನುಮತಿ ಬೇಕು. ಮಂಗಳೂರು ವಿಮಾನ ನಿಲ್ದಾಣದ ಬಳಿಯ ಬಜಪೆ, ಕಾವೂರು ಕಡೆಯವರಿಗೆ ಅದೇ ದೊಡ್ಡ ಅಡ್ಡಿ. ನಿಮಗೆ ಅದು ತಾಗದಿದ್ದರೂ ಅದರ ಗುಂಯ್‌ಗುಟ್ಟುವಿಕೆಯಲ್ಲಿ ಸೀಟಿಯ ಸದ್ದು ಅಡಗುತ್ತದೆ, ಕೆರೆಯಲ್ಲಿರುವವರೆಲ್ಲ ಆಕಾಶ ನೋಡುತ್ತ ಕೈ ಬೀಸುತ್ತಾರೆ. ಕೈ ಬೀಸುವವರ ನಡುವೆ ತೊಂದರೆಯಲ್ಲಿರುವವನನ್ನು ಹುಡುಕುವ ಕಷ್ಟ ಕಾವಲಿನವರಿಗೆ ಏಕೆ?

ಯಾರ ಚಿತ್ರ ತೆಗೆಯಬಾರದು ಎಂಬುದನ್ನು ಇನ್ನೂ ಗಂಭೀರವಾಗಿ ಯೋಚಿಸಿ. ಒದ್ದೆ ಬಟ್ಟೆಯಲ್ಲಿ ಮೆಟ್ಟಿಲು ಹತ್ತುವ ಕ್ಷಣ ಯಾರಿಗೂ ಮುಜುಗರದ್ದು. ನೀರಿನಲ್ಲಿರುವಾಗ ತೆಗೆಯಿರಿ, ಟವೆಲ್ ಹೊದ್ದ ಮೇಲೆ ತೆಗೆಯಿರಿ, ನಡುವಿನದು ಬೇಡ. ಹೆಂಗಸರ ತಂಡವನ್ನು ಮೊದಲೇ ಕೇಳಿ. ಕೆಲವರು ಹೆಣ್ಣುಮಕ್ಕಳೇ ತೆಗೆಯಲಿ ಎನ್ನಬಹುದು, ಕೆಲವರು ಕ್ಯಾಮೆರಾವೇ ಬೇಡ ಎನ್ನಬಹುದು. ಬೇಡ ಎಂದರೆ ಆ ಅರ್ಧ ಗಂಟೆ ನಿಮ್ಮ ಕ್ಯಾಮೆರಾ ಮಾತ್ರವಲ್ಲ, ಕಟ್ಟೆಯ ಮೇಲಿನ ಮೊಬೈಲುಗಳೂ ಕೆಳಗಿರುವಂತೆ ನೋಡಿಕೊಳ್ಳುವುದು ಸ್ವಯಂಸೇವಕನಾಗಿ ನಿಮ್ಮ ಕೆಲಸ. ಬಟ್ಟೆ ಬದಲಿಸುವ ಕಡೆಗೆ ಲೆನ್ಸ್ ತಿರುಗಲೇಬಾರದು. ಹಸಿರು ಬಲೆ ಕಟ್ಟಿದ ಮರೆ ಬೆಳಕಿಗೆ ಎದುರಾದರೆ ಒಳಗಿನದು ನೆರಳಾಗಿ ಕಾಣುತ್ತದೆ, ಕಟ್ಟುವಾಗಲೇ ಒಂದು ಟಾರ್ಪಾಲು ಸೇರಿಸಿ ಎನ್ನಿ. ಮಕ್ಕಳ ಹೆಸರು ಬರೆದುಕೊಡುವ ಚೀಟಿಯಲ್ಲೇ ಫೋಟೊಕ್ಕೆ ತಂದೆತಾಯಿಯ ಒಪ್ಪಿಗೆಗೆ ಒಂದು ಸಾಲಿರಲಿ. ಒಪ್ಪದವರ ಮಕ್ಕಳಿಗೆ ಬೇರೆ ಬಣ್ಣದ ಟೋಪಿ ಕೊಟ್ಟರೆ ನಿಮಗೆ ದೂರದಿಂದಲೇ ಗೊತ್ತಾಗುತ್ತದೆ. ಮಕ್ಕಳ ಚಿತ್ರದ ಜೊತೆ ಹೆಸರು, ಶಾಲೆ, ತರಗತಿ ಹಾಕಿ ವಾಟ್ಸ್ಆ್ಯಪ್‌ಗೆ ಬಿಡಬೇಡಿ. ಎಲ್ಲವನ್ನೂ ಹಂಚುವ ಬದಲು ಐವತ್ತು ಚಿತ್ರ ಆರಿಸಿ, ಸಣ್ಣ ಪ್ರಿಂಟು ಹಾಕಿಸಿ ಮಂಡಲದ ಗೋಡೆಗೆ ಅಂಟಿಸಿ. ಫೋನಿನಲ್ಲಿ ಬೆರಳು ಸರಿಸಿ ಮುಗಿಸುವವರು ಗೋಡೆಯ ಮುಂದೆ ನಿಂತು ಮಾತನಾಡುತ್ತಾರೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಎಲ್ಲರೂ ಮೇಲೆ ಬಂದು, ಪುಸ್ತಕದಲ್ಲಿ ಗುರುತು ಬಿದ್ದು, ಬನ್ಸು ಚಹಾದ ಕಡೆಗೆ ಓಡಿದ ಮೇಲೆ ನೀವು ಒಬ್ಬರೇ ಕೆರೆಯ ಸುತ್ತ ಒಂದು ಸಲ ನಡೆದು ಬನ್ನಿ. ಒಮ್ಮೆ ಹಾಗೆ ನಡೆಯುವಾಗ ಉತ್ತರದ ಮೆಟ್ಟಿಲಿನ ಮೇಲೆ ಒಂದು ಜೊತೆ ಪುಟ್ಟ ನೀಲಿ ಚಪ್ಪಲಿ ಉಳಿದಿತ್ತು. ಪುಸ್ತಕದಲ್ಲಿ ಲೆಕ್ಕ ಸರಿಯಿತ್ತು. ಆದರೂ ದೋಣಿ ಮತ್ತೆ ನೀರಿಗಿಳಿಯಿತು, ಇಬ್ಬರು ಮುಳುಗು ಹಾಕಿದರು, ನಾನು ಕ್ಯಾಮೆರಾದ ಪರದೆಯಲ್ಲಿ ಬೆಳಗಿನ ಸಾಲುಗಳನ್ನು ಹಿಂದೆ ಸರಿಸುತ್ತ ಆ ಚಪ್ಪಲಿಯ ಕಾಲುಗಳನ್ನು ಹುಡುಕಿದೆ. ಮೂರನೆಯ ತಂಡದ ಸಾಲಿನಲ್ಲಿ ಸಿಕ್ಕಿತು, ಹಿಂದಿರುಗಿದ ಸಾಲಿನಲ್ಲೂ ಆ ಹುಡುಗ ಇದ್ದ, ಬರಿಗಾಲಿನಲ್ಲಿ. ಮನೆಗೆ ಫೋನ್ ಮಾಡಿದರೆ ಅವನು ಗಂಜಿ ಉಣ್ಣುತ್ತ ಕುಳಿತಿದ್ದ. ಚಪ್ಪಲಿ ಮರೆತದ್ದಕ್ಕೆ ಬೈಗುಳ ತಿನ್ನುವುದು ಇನ್ನೂ ಬಾಕಿಯಿತ್ತು. ಅಂದಿನಿಂದ ನನ್ನ ಮೆಮರಿ ಕಾರ್ಡಿನ ಕೊನೆಯ ಚಿತ್ರ ಯಾವಾಗಲೂ ಖಾಲಿ ಮೆಟ್ಟಿಲುಗಳದು. ಹತ್ತೂವರೆಯ ಬಿಸಿಲಿನಲ್ಲಿ ತೆಗೆದದ್ದು, ಚಿತ್ರವಾಗಿ ಏನೇನೂ ಚೆನ್ನಾಗಿರುವುದಿಲ್ಲ.